ಎಸ್ಕೇಪ್ ಹೊಡಿ, ಆಮ್ಯಾಲ ಮಾತಾಡು

ಪ್ರೋಗ್ರಾಂ ಬರೆಯುವವರು ಎಡಿಟರ್ ಎಂಬುದೊಂದನ್ನು ಆರಿಸಿಕೊಳ್ಳಬೇಕು ಎಂಬ ವಿಷಯ ನಮ್ಮ ಕಾಲದ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಯಾರಿಗೂ ತಿಳಿದಂತಿರಲಿಲ್ಲ. ಲ್ಯಾಬಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದರೆ ಅಷ್ಟೂ ಕಂಪ್ಯೂಟರುಗಳ ಮೇಲೆ ಒಂದೇ ಕಡುನೀಲಿ ಪರದೆ, ಅದರ ಮೇಲೆ ಹಳದಿ ಅಕ್ಷರ: ಟರ್ಬೊ ಸಿ. ಚಪ್ಪಲಿ ಬಿಡಿಸುತ್ತಿದ್ದುದು ಯಂತ್ರಗಳಿಗೆ ಧೂಳು ತಾಗದಿರಲೆಂದೋ, ವಿದ್ಯೆಯ ಮೇಲಿನ ಗೌರವಕ್ಕೋ, ಅಟೆಂಡರ್ ಮಾತ್ರ ಬಲ್ಲ. ಬೋರ್ಲೆಂಡ್ ಎಂಬ ಅಮೆರಿಕದ ಕಂಪನಿ 1987ರಲ್ಲಿ ಈ ಟರ್ಬೊ ಸಿಯನ್ನು ಹೊರತಂದಿತು. ಅಲ್ಲಿನ ಜನ ಅದನ್ನು ಬಳಸಿದರು, ಮರೆತರು, ಮುಂದೆ ಹೋದರು. ನಾವು ಮರೆಯಲಿಲ್ಲ. ಹೊಸ ವಿಂಡೋಸ್ ಬಂದು ಇದನ್ನು ಓಡಿಸುವುದಿಲ್ಲವೆಂದು ಹಟ ಹಿಡಿದಾಗ, ಹಳೆಯ ಡಾಸ್ ಯಂತ್ರದ ವೇಷ ಹಾಕುವ ಡಾಸ್‌ಬಾಕ್ಸ್ ಎಂಬ ಇನ್ನೊಂದು ಪ್ರೋಗ್ರಾಂ ತಂದು, ಅದರೊಳಗೆ ಇದನ್ನು ಕೂರಿಸಿ ಪಾಠ ಮುಂದುವರಿಸಿದೆವು. ಸಿ ಪ್ಲಸ್ ಪ್ಲಸ್ ಭಾಷೆಗೆ 1998ರಲ್ಲಿ ಅಂತಾರಾಷ್ಟ್ರೀಯ ಮಾನಕ ಬಂದು ‘ಐಒಸ್ಟ್ರೀಮ್’ ಎಂಬುದರ ಹಿಂದಿದ್ದ ‘ಡಾಟ್ ಎಚ್’ ಎಂಬ ಬಾಲ ಕತ್ತರಿಸಿಹೋಯಿತು. ನಮ್ಮ ರೆಕಾರ್ಡ್ ಪುಸ್ತಕಗಳಲ್ಲಿ ಆ ಬಾಲ ಅದಾಗಿ ಎಷ್ಟೋ ವರ್ಷ ಅಲ್ಲಾಡುತ್ತಲೇ ಇತ್ತು.

ಒಂದು ಕಂಪ್ಯೂಟರಿಗೆ ಇಬ್ಬರು. ಒಬ್ಬ ರೆಕಾರ್ಡ್ ನೋಡಿ ಓದುವುದು, ಇನ್ನೊಬ್ಬ ಒಂದೇ ಬೆರಳಲ್ಲಿ ಕುಟ್ಟುವುದು. ಎಫ್ ಟೂ ಒತ್ತಿದರೆ ಸೇವ್, ಕಂಟ್ರೋಲ್ ಎಫ್ ನೈನ್ ಒತ್ತಿದರೆ ರನ್. ಉತ್ತರ ಪರದೆಯ ಮೇಲೆ ಫಳಕ್ಕನೆ ಹೊಳೆದು ಮಾಯವಾಗುತ್ತಿತ್ತು. ಅದನ್ನು ಹಿಡಿದು ನಿಲ್ಲಿಸಲಿಕ್ಕೆಂದೇ ಪ್ರತಿ ಪ್ರೋಗ್ರಾಮಿನ ಕೊನೆಗೆ ‘ಗೆಟ್‌ಸಿಎಚ್’ ಎಂದು ಬರೆಯುವುದು ಪದ್ಧತಿ. ವೈವಾಕ್ಕೆ ಬಂದ ಎಕ್ಸ್‌ಟರ್ನಲ್ ಒಬ್ಬರು ನನ್ನ ಜೊತೆಗಾರನನ್ನು, “ಇದನ್ಯಾಕಪ್ಪಾ ಹಾಕಿದ್ದೀಯ?” ಎಂದು ಕೇಳಿದರು. “ಹಾಕ್ದೇ ಇದ್ರೆ ಔಟ್‌ಪುಟ್ ಓಡಿಹೋಗುತ್ತೆ ಸಾರ್” ಎಂದ ಅವನು. ಕಂಪ್ಯೂಟರ್ ವಿಜ್ಞಾನದ ಬಗ್ಗೆ ಆ ಲ್ಯಾಬಿನಲ್ಲಿ ಯಾರಾದರೂ ಸ್ವಂತ ಬುದ್ಧಿಯಿಂದ ಹೇಳಿದ ಏಕೈಕ ಮಾತು ಅದು. ಅವರು ಪೂರ್ತಿ ಅಂಕ ಕೊಟ್ಟರು.

ಈಗಲೂ ಮದುವೆ ಮನೆಯಲ್ಲೋ ವಿಮಾನ ನಿಲ್ದಾಣದಲ್ಲೋ ನಮ್ಮ ವಯಸ್ಸಿನವರು ಸಿಕ್ಕಿದಾಗ ‘ಕಂಟ್ರೋಲ್ ಎಫ್ ನೈನ್’ ಎಂದರೆ ಸಾಕು, ಮುಖ ಅರಳುತ್ತದೆ. ಅವರು ಯಾವ ದೊಡ್ಡ ಹುದ್ದೆಯಲ್ಲಿದ್ದರೂ ಎಡಗೈ ಒಂದು ಕ್ಷಣ ಮೂಲೆಯ ಕೀ ಹುಡುಕುತ್ತದೆ.

ಎಡಿಟರುಗಳ ವಿಷಯದಲ್ಲಿ ಜನ ಕೈಕೈ ಮಿಲಾಯಿಸುವುದೊಂದು ಬಾಕಿ ಎನ್ನುವಷ್ಟು ಜಗಳವಾಡುತ್ತಾರೆಂದು ನನಗೆ ಗೊತ್ತಾದದ್ದು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ. ಅಲ್ಲಿ ನಾವು ಬರೆಯುವುದೆಲ್ಲ ಎಲ್ಲೋ ದೂರದ ಸರ್ವರಿನೊಳಗೆ. ಮುಂದಿರುವುದು ಬರೀ ಕಪ್ಪು ಟರ್ಮಿನಲ್. ಮೌಸು ಇದ್ದೂ ಇಲ್ಲ. ನನ್ನನ್ನು ಕೂರಿಸಿದ್ದು ಹುಬ್ಬಳ್ಳಿ ಕಡೆಯ ಹಿರಿಯ ಸಹೋದ್ಯೋಗಿಯೊಬ್ಬರ ಪಕ್ಕ. ಆಫೀಸಿನಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದು ಕರೆಯುವ ಫ್ಯಾಷನ್ ಇದ್ದರೂ ಅವರನ್ನು ಕನ್ನಡದವರೆಲ್ಲ ‘ಅಕ್ಕಾವ್ರೇ’ ಎಂದೇ ಕರೆಯುತ್ತಿದ್ದೆವು. ಅವರು ವಿಐ ಎಂಬ ಎಡಿಟರ್ ಬಳಸುತ್ತಿದ್ದರು. ವಿಐ ಎಂದರೆ ಅದರ ಈಗಿನ ಅವತಾರ, ವಿಮ್. ನಾನು ಕರ್ಸರ್ ಸರಿಸಲು ಬಾಣದ ಗುರುತಿನ ಕೀಗಳ ಕಡೆ ಕೈಚಾಚಿದ ಕೂಡಲೆ, ತಮ್ಮ ಪರದೆಯಿಂದ ಕಣ್ಣು ಕೀಳದೆಯೇ, “ಕೈ ಎದಕ್ಕ ಅಷ್ಟು ದೂರ ಹೋಗತೈತಿ ತಮ್ಮಾ?” ಎಂದರು.

ವಿಮ್‌ನಲ್ಲಿ ಕಡತ ತೆರೆದು ನೆಟ್ಟಗೆ ಟೈಪ್ ಮಾಡಲು ಹೊರಟರೆ ಅಕ್ಷರ ಮೂಡುವುದಿಲ್ಲ. ಅಲ್ಲಿ ಒಂದೊಂದು ಅಕ್ಷರವೂ ಒಂದೊಂದು ಆಜ್ಞೆ. ಬರೆಯಬೇಕಾದರೆ ಮೊದಲು ‘ಐ’ ಒತ್ತಿ ಅಪ್ಪಣೆ ಕೇಳಬೇಕು. ಬರೆದಾದ ಮೇಲೆ ಎಸ್ಕೇಪ್ ಒತ್ತಿ ಆಜ್ಞೆಯ ಲೋಕಕ್ಕೆ ಮರಳಬೇಕು. ಇದು ತಿಳಿಯದೆ ದೀಪಾ ಎಂಬ ಹುಡುಗಿ ಇಂಗ್ಲಿಷಿನಲ್ಲಿ ತನ್ನ ಹೆಸರು ಟೈಪಿಸಿದಳೆನ್ನಿ. ‘ಡಿ’ ಮತ್ತು ‘ಇ’ ಸೇರಿ ಕರ್ಸರ್ ಇದ್ದ ಪದವನ್ನು ಅಳಿಸುತ್ತವೆ. ಎರಡನೆಯ ‘ಇ’ ಮುಂದಿನ ಪದದ ತುದಿಗೆ ಹಾರುತ್ತದೆ. ‘ಪಿ’ ಅಳಿಸಿದ್ದನ್ನು ತಂದು ಅಲ್ಲಿ ಅಂಟಿಸುತ್ತದೆ. ಕೊನೆಯ ‘ಎ’ ಒತ್ತಿದಾಗ, ಆಗಬೇಕಾದ ಅನಾಹುತವೆಲ್ಲ ಆದ ಮೇಲೆ, ‘ಈಗ ಬರೆಯಮ್ಮಾ’ ಎಂದು ವಿನಯದಿಂದ ಕಾಯುತ್ತ ನಿಲ್ಲುತ್ತದೆ. ಹೊಸದಾಗಿ ಸೇರಿದವರು ಗಾಬರಿಯಿಂದ “ಅಕ್ಕಾವ್ರೇ, ಇದೇನೋ ಆಗ್ತಿದೆ” ಎಂದು ಕೂಗಿದರೆ ಅವರ ಉತ್ತರ ಒಂದೇ: “ಮೊದ್ಲ ಎಸ್ಕೇಪ್ ಹೊಡಿ. ಆಮ್ಯಾಲ ಮಾತಾಡು.”

ಯಾವುದಕ್ಕೆ ಯಾವ ಕೀ ಎಂದು ಕೇಳಿದರೆ ಮಾತ್ರ ಅವರು ಹೇಳುತ್ತಿರಲಿಲ್ಲ. ಜಂಬವಲ್ಲ, ನಿಜಕ್ಕೂ ಗೊತ್ತಿರುತ್ತಿರಲಿಲ್ಲ. “ತಡಿ, ಮಾಡಿ ನೋಡ್ತೀನಿ” ಎಂದು ಗಾಳಿಯಲ್ಲಿ ಬೆರಳಾಡಿಸಿ, ಆ ಬೆರಳುಗಳು ಎಲ್ಲಿಗೆ ಹೋದವೆಂದು ತಾವೇ ನೋಡಿಕೊಂಡು, ಆಮೇಲೆ ನನಗೆ ಹೇಳುವರು. ನಾನು ಬರೆದುಕೊಳ್ಳುತ್ತಿದ್ದೆ. ಈಗ ನನ್ನನ್ನು ಯಾರಾದರೂ ಕೇಳಿದರೆ ನಾನೂ ಗಾಳಿಯಲ್ಲೇ ಬೆರಳಾಡಿಸಿ ನೋಡಿಕೊಳ್ಳಬೇಕು. ಬರೆದುಕೊಂಡ ಪುಸ್ತಕ ಎಲ್ಲಿ ಹೋಯಿತೋ.

ಈ ಬೆರಳುಗಳ ವಂಶಾವಳಿ ಹುಡುಕಿಕೊಂಡು ಹೋದರೆ ತಮಾಷೆಯಾಗಿದೆ. ವಿಐ ಬರೆದದ್ದು ಬಿಲ್ ಜಾಯ್ ಎಂಬ ವಿದ್ಯಾರ್ಥಿ, 1976ರಲ್ಲಿ, ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ. ಮುಂದೆ ಸನ್ ಮೈಕ್ರೋಸಿಸ್ಟಮ್ಸ್ ಕಟ್ಟಿದವರಲ್ಲಿ ಒಬ್ಬನಾದ ಈ ಆಸಾಮಿಯ ಮುಂದಿದ್ದುದು ಎಡಿಎಂ-3ಎ ಎಂಬ ಟರ್ಮಿನಲ್. ಅದರಲ್ಲಿ ಬಾಣಗಳಿಗೆ ಬೇರೆ ಕೀಗಳೇ ಇರಲಿಲ್ಲ. ಎಚ್, ಜೆ, ಕೆ, ಎಲ್ ಕೀಗಳ ಮೇಲೆಯೇ ಬಾಣದ ಗುರುತು ಅಚ್ಚಾಗಿತ್ತು. ಅದಕ್ಕೇ ವಿಐಯಲ್ಲಿ ಎಚ್ ಎಂದರೆ ಎಡ, ಎಲ್ ಎಂದರೆ ಬಲ, ಜೆ ಕೆಳಗೆ, ಕೆ ಮೇಲೆ. ಎಸ್ಕೇಪ್ ಕೀ ಈಗಿನ ಹಾಗೆ ದೂರದ ಮೇಲ್ಮೂಲೆಯಲ್ಲಿರಲಿಲ್ಲ. ಈಗ ಟ್ಯಾಬ್ ಇರುವಲ್ಲಿ, ಕಿರುಬೆರಳ ಪಕ್ಕದಲ್ಲೇ ಇತ್ತು. ಮನೆ ಎಂಬರ್ಥದ ‘ಹೋಮ್’ ಗುರುತು ಮತ್ತು ಟಿಲ್ಡೆ ಎಂಬ ಡೊಂಕು ಗೆರೆ ಎರಡೂ ಒಂದೇ ಕೀಯ ಮೇಲಿದ್ದವು. ಇಂದಿಗೂ ಯೂನಿಕ್ಸ್ ಮತ್ತು ಲಿನಕ್ಸಿನಲ್ಲಿ ನಮ್ಮ ನಮ್ಮ ಮನೆ-ಫೋಲ್ಡರಿಗೆ ಹೋಗಲು ಆ ಡೊಂಕು ಗೆರೆಯನ್ನೇ ಒತ್ತುತ್ತೇವೆ.

ಇನ್ನು ವೇಗ. ಜಾಯ್ ಮನೆಯಿಂದ ಕೆಲಸ ಮಾಡುವಾಗ ಬಳಸುತ್ತಿದ್ದ ಮೋಡೆಮ್ 300 ಬಾಡ್‌ನದು. ಎಂದರೆ ಸೆಕೆಂಡಿಗೆ ಸುಮಾರು 30 ಅಕ್ಷರ. 24 ಸಾಲು, ಸಾಲಿಗೆ 80 ಅಕ್ಷರದ ಒಂದು ಪರದೆ ಪೂರ್ತಿ ಮೂಡಲು ಒಂದು ನಿಮಿಷದ ಮೇಲಾಗುತ್ತಿತ್ತು. ಹಾಗಿರುವಾಗ ಒಂದು ಅಕ್ಷರ ಒತ್ತಿದರೆ ಒಂದು ಪದವನ್ನೇ ದಾಟಬೇಕು, ಎರಡು ಒತ್ತಿದರೆ ಸಾಲೇ ಅಳಿಯಬೇಕು ಎಂಬ ಜಿಪುಣತನ ಸಹಜವಾಗಿ ಬಂತು. ಆ ಟರ್ಮಿನಲ್ ಈಗ ವಸ್ತುಸಂಗ್ರಹಾಲಯದ ಸಾಮಾನು. ಆ ಮೋಡೆಮಿನ ಕೀರಲು ದನಿ ಕೇಳಿದವರಿಗೂ ವಯಸ್ಸಾಯಿತು. ಜಿಪುಣತನ ಮಾತ್ರ ಫೈಬರ್ ಸಂಪರ್ಕವಿರುವ ಜಯನಗರದ ಮನೆಯಲ್ಲಿ ನನ್ನ ಬೆರಳಲ್ಲಿ ಉಳಿದುಕೊಂಡಿದೆ. ತಿಥಿಯ ಅಡುಗೆಗೆ ಬಾಯಿ ಹಾಕುತ್ತದೆಂದು ಅಜ್ಜ ಬೆಕ್ಕನ್ನು ಬುಟ್ಟಿ ಕವುಚಿ ಇಟ್ಟಿದ್ದನಂತೆ. ಅಜ್ಜನ ತಿಥಿಗೆ ಮೊಮ್ಮಗ ಪಕ್ಕದ ಮನೆಯಿಂದ ಬೆಕ್ಕು ಬೇಡಿ ತಂದು ಬುಟ್ಟಿ ಕವುಚಿದನಂತೆ. ನಾನು ಆ ಮೊಮ್ಮಗ. ಬೆಕ್ಕು ತಂದುಕೊಟ್ಟವರು ಅಕ್ಕಾವ್ರು. ಆದರೆ ಆ ಬೆಕ್ಕನ್ನು ನಾನು ಬಿಟ್ಟುಕೊಡುವವನಲ್ಲ.

ವಿಮ್‌ನಿಂದ ಹೊರಗೆ ಬರುವುದು ಹೇಗೆ ಎಂಬ ಪ್ರಶ್ನೆಯ ಕುರಿತು ಜೋಕುಗಳು ಬೇಕಾದಷ್ಟಿವೆ. ಪ್ರೋಗ್ರಾಂ ಬರೆಯುವವರ ಪ್ರಶ್ನೋತ್ತರ ತಾಣವಾದ ಸ್ಟಾಕ್ ಓವರ್‌ಫ್ಲೋದಲ್ಲಿ 2012ರಲ್ಲಿ ಒಬ್ಬರು ಈ ಪ್ರಶ್ನೆ ಕೇಳಿದರು. 2017ರ ಹೊತ್ತಿಗೆ ಅದನ್ನು ಹತ್ತು ಲಕ್ಷ ಸಲ ಜನ ನೋಡಿಯಾಗಿತ್ತು. ನೋಡಿದವರೆಲ್ಲ ಒಳಗೆ ಸಿಕ್ಕಿಹಾಕಿಕೊಂಡವರೇ ಎಂದು ನಾನು ನಂಬುವುದಿಲ್ಲ. ಹೊರಗೆ ನಿಂತು ನಗಲು ಬಂದವರೂ ಇರಬೇಕು.

ನನ್ನ ವೈರಿಯ ವಿಷಯ ಈಗ ಹೇಳಬೇಕು. ಅವನು ತೀರ್ಥಹಳ್ಳಿಯವನು, ಆಫೀಸಿನಲ್ಲಿ ನನಗಿಂತ ಎರಡು ಸಾಲು ಹಿಂದೆ ಕೂರುತ್ತಿದ್ದ, ಮತ್ತು ಎಮ್ಯಾಕ್ಸ್ ಎಂಬ ಎಡಿಟರ್ ಬಳಸುತ್ತಿದ್ದ. ಬಳಸುತ್ತಿದ್ದ ಎಂದರೆ ಸಾಲದು, ಅದರೊಳಗೆ ಸಂಸಾರ ಹೂಡಿದ್ದ. ಬೆಳಿಗ್ಗೆ ಬಂದು ಎಮ್ಯಾಕ್ಸ್ ತೆರೆದನೆಂದರೆ ಮೇಲ್ ಓದುವುದು ಅದರಲ್ಲೇ, ಪಂಚಾಂಗ ಅದರಲ್ಲೇ, ಮನೆಯ ಲೆಕ್ಕ ಅದರಲ್ಲೇ. ಬೇಸರವಾದರೆ ಟೆಟ್ರಿಸ್ ಆಟ ಕೂಡ ಅದರಲ್ಲೇ. ಎಮ್ಯಾಕ್ಸ್ ಹುಟ್ಟಿದ್ದೂ 1976ರಲ್ಲೇ, ಅಮೆರಿಕದ ಇನ್ನೊಂದು ತುದಿಯ ಎಂಐಟಿಯಲ್ಲಿ, ರಿಚರ್ಡ್ ಸ್ಟಾಲ್‌ಮನ್ ಮತ್ತು ಗೆಳೆಯರ ಕೈಯಲ್ಲಿ. ಎರಡೂ ಒಂದೇ ವಯಸ್ಸಿನವು. ದಾಯಾದಿ ಮತ್ಸರಕ್ಕೆ ಬೇರೆ ಕಾರಣ ಬೇಕೆ? ಸ್ಟಾಲ್‌ಮನ್ ತನ್ನ ಭಾಷಣಗಳ ಕೊನೆಗೆ ಹಳೆಯ ಹಾರ್ಡ್‌ಡಿಸ್ಕಿನ ತಟ್ಟೆಯೊಂದನ್ನು ಪ್ರಭಾವಳಿಯ ಹಾಗೆ ತಲೆಗೇರಿಸಿಕೊಂಡು, ನಿಲುವಂಗಿ ತೊಟ್ಟು, ತಾನು ಎಮ್ಯಾಕ್ಸ್ ಪಂಥದ ಸಂತನೆಂದು ಘೋಷಿಸಿಕೊಳ್ಳುವುದುಂಟು. ರೋಮನ್ ಅಂಕಿಯಲ್ಲಿ ‘ವಿಐ’ ಎಂದರೆ ಆರು. ಮೂರು ಸಲ ಬರೆದರೆ 666, ಕ್ರೈಸ್ತರಲ್ಲಿ ಸೈತಾನನ ಸಂಖ್ಯೆ ಎಂಬುದು ಅವನ ಮೆಚ್ಚಿನ ತಮಾಷೆ. ನನ್ನ ಗೆಳೆಯ ಇದನ್ನು ಕಾಫಿ ಯಂತ್ರದ ಬಳಿ ನಿಂತು ಹೊಸಬರಿಗೆಲ್ಲ ವಿವರಿಸುತ್ತಿದ್ದ, ನಾನು ಅತ್ತ ಬರುವ ಹೊತ್ತು ನೋಡಿಕೊಂಡು.

ಎಮ್ಯಾಕ್ಸಿನಲ್ಲಿ ಒಬ್ಬ ವೈದ್ಯನೂ ಇದ್ದಾನೆ. ಮೆಟಾ-ಎಕ್ಸ್ ಒತ್ತಿ ‘ಡಾಕ್ಟರ್’ ಎಂದು ಕರೆದರೆ ಮನೋವೈದ್ಯನ ವೇಷದ ಪ್ರೋಗ್ರಾಂ ಎದ್ದು ಬಂದು ನಿಮ್ಮ ತೊಂದರೆ ಏನೆಂದು ವಿಚಾರಿಸುತ್ತದೆ. ನೀವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆಯಾಗಿ ಕೇಳುತ್ತದೆ. 1966ರಲ್ಲಿ ಎಂಐಟಿಯ ಜೋಸೆಫ್ ವೈಜ಼ನ್‌ಬಾಮ್ ಪ್ರಕಟಿಸಿದ ‘ಎಲೈಜ಼ಾ’ದ ಸಂತಾನ ಇದು. ಮ್ಯಾನೇಜರ್ ಜೊತೆ ಮಾತಾದ ದಿನಗಳಲ್ಲಿ ಗೆಳೆಯ ಅದರ ಮುಂದೆ ಬಹಳ ಹೊತ್ತು ಕೂರುತ್ತಿದ್ದ. “ಮನುಷ್ಯರಿಗಿಂತ ವಾಸಿ ಮಾರಾಯ, ಮಧ್ಯೆ ಬಾಯಿ ಹಾಕೂದಿಲ್ಲ” ಎನ್ನುತ್ತಿದ್ದ.

ನಾನು ಸೋಲೊಪ್ಪಿದ್ದು ಒಂದೇ ವಿಷಯಕ್ಕೆ. ಒಂದು ದಿನ ಅವನು ನನ್ನನ್ನು ಕರೆದು ಕೂರಿಸಿ, ಕಂಟ್ರೋಲ್-ಎಚ್ ಒತ್ತಿ, ಮತ್ತೆ ಎಚ್ ಒತ್ತಿದ. ಜಗತ್ತಿನ ನಾನಾ ಭಾಷೆಗಳಲ್ಲಿ ನಮಸ್ಕಾರ ಹೇಳುವ ಒಂದು ಪುಟ ತೆರೆಯಿತು. ಅಷ್ಟು ಭಾಷೆಗಳ ನಡುವೆ, ಯಾರೂ ಕೇಳದೆ, ಕನ್ನಡ ಲಿಪಿಯಲ್ಲಿ ‘ನಮಸ್ಕಾರ’ ಎಂದಿತ್ತು. “ನಿನ್ನ ವಿಮ್ ಹೇಳ್ತದನಾ ಹೀಗೆ?” ಎಂದ. ಹೇಳುವುದಿಲ್ಲ. ವಿಮ್ ತೆರೆದರೆ ಬೇರೊಂದು ಮಾತು ಹೇಳುತ್ತದೆ: ಉಗಾಂಡಾದ ಬಡ ಮಕ್ಕಳಿಗೆ ನೆರವಾಗಿ ಎಂದು.

ಆ ಸಾಲನ್ನು ನಾನು ಎಷ್ಟೋ ವರ್ಷ ಕಣ್ಣಾಡಿಸಿ ಬಿಟ್ಟಿದ್ದೆ. ವಿಮ್ ಬರೆದವನು ಬ್ರಾಮ್ ಮೋಲೆನಾರ್ ಎಂಬ ಡಚ್ಚಿನವ. ತನ್ನ ಅಮಿಗಾ ಕಂಪ್ಯೂಟರಿಗೆ ಒಳ್ಳೆಯ ವಿಐ ಸಿಗಲಿಲ್ಲವೆಂದು ತಾನೇ ಒಂದನ್ನು ತಿದ್ದಿ ಬೆಳೆಸಿ 1991ರಲ್ಲಿ ಊರಿಗೆಲ್ಲ ಹಂಚಿದ. 1994ರಲ್ಲಿ ಉಗಾಂಡಾದ ಕಿಬಾಲೆ ಎಂಬಲ್ಲಿ ಮಕ್ಕಳ ಕೇಂದ್ರವೊಂದರಲ್ಲಿ ಒಂದು ವರ್ಷ ಸ್ವಯಂಸೇವಕನಾಗಿ ದುಡಿದು ಬಂದ. ಆಮೇಲಿಂದ ವಿಮ್‌ಗೆ ದುಡ್ಡು ಬೇಡ, ಕೊಡುವುದಿದ್ದರೆ ಅಲ್ಲಿನ ಅನಾಥ ಮಕ್ಕಳಿಗೆ ಕೊಡಿ ಎಂದು ಮೊದಲ ಪರದೆಯಲ್ಲೇ ಬರೆದಿಟ್ಟ. ಮೂವತ್ತಕ್ಕೂ ಹೆಚ್ಚು ವರ್ಷ ಈ ಒಂದು ಎಡಿಟರನ್ನು ತಿದ್ದುತ್ತಲೇ ಇದ್ದು, 2023ರ ಆಗಸ್ಟ್ 3ರಂದು ತೀರಿಕೊಂಡ. ಮುಂದಿನ ಜನವರಿಯಲ್ಲಿ ಬಂದ 9.1 ಆವೃತ್ತಿಯನ್ನು ಉಳಿದವರು ಅವನಿಗೆ ಅರ್ಪಿಸಿದರು. ಸುದ್ದಿ ತಿಳಿದ ದಿನ ಅಕ್ಕಾವ್ರಿಗೆ ಫೋನ್ ಮಾಡಿದೆ. ಅವರಾಗಲೇ ನಿವೃತ್ತರಾಗಿ ಧಾರವಾಡದಲ್ಲಿ ಮನೆ ಕಟ್ಟಿಸಿಕೊಂಡಿದ್ದರು. “ಅಂವಾ ಹೋದ್ನೇನು?” ಎಂದು ಸ್ವಲ್ಪ ಸುಮ್ಮನಿದ್ದು, “ಒಂದು ಪೈಸಾ ಕೊಟ್ಟಿಲ್ಲ ನೋಡು ನಾವು ಅಂವಗ” ಎಂದರು. ಅವರು ಕೊಟ್ಟಿದ್ದರು ಎಂದು ನನಗೆ ಬೇರೆಯವರಿಂದ ಗೊತ್ತಿತ್ತು.

ಎಡಿಟರ್ ಆರಿಸಿಕೊಂಡರೆ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. ಆಮೇಲೆ ಅದನ್ನು ಸಿಂಗರಿಸಬೇಕು. ವಿಮ್‌ಗೆ ‘ವಿಮ್‌ಆರ್‌ಸಿ’ ಎಂಬ ಕಡತವೊಂದಿದೆ. ನಮಗೆ ಬೇಕಾದ ಒಪ್ಪ ಓರಣವನ್ನೆಲ್ಲ ಅದರಲ್ಲಿ ಬರೆದಿಡುವುದು. ನನ್ನದರಲ್ಲಿ ಕೆಲವು ಸಾಲುಗಳು ಯಾಕಿವೆ ಎಂದು ನನಗೇ ಗೊತ್ತಿಲ್ಲ, ತೆಗೆಯಲು ಧೈರ್ಯವಿಲ್ಲ. ಬಣ್ಣದ ವಿಷಯವಂತೂ ಕೇಳಬೇಡಿ. 2011ರಲ್ಲಿ ಈಥನ್ ಸ್ಕೂನೋವರ್ ಎಂಬಾತ ‘ಸೋಲರೈಸ್ಡ್’ ಎಂಬ ಹದಿನಾರು ಬಣ್ಣಗಳ ಕಟ್ಟೊಂದನ್ನು ಕಣ್ಣಿಗೆ ಹಿತವಾಗುವ ಲೆಕ್ಕ ಹಾಕಿ ಹೊರತಂದ. ಅಲ್ಲಿಯ ತನಕ ಕಪ್ಪಿನ ಮೇಲೆ ಬಿಳಿ ಎಂದು ನೆಮ್ಮದಿಯಾಗಿದ್ದ ನಮಗೆಲ್ಲ ಅಭಿರುಚಿ ಎಂಬ ರೋಗ ತಗಲಿತು. ಕಾಮೆಂಟುಗಳು ಬೂದಿಯೋ ತಿಳಿ ಬೂದಿಯೋ? ಶೂನ್ಯದ ಹೊಟ್ಟೆಯಲ್ಲಿ ಚುಕ್ಕೆಯಿರುವ ಫಾಂಟೋ, ಗೀಟಿರುವ ಫಾಂಟೋ? ಶನಿವಾರ ಬೆಳಿಗ್ಗೆ ಕೆಲಸ ಮುಗಿಸಿಬಿಡೋಣವೆಂದು ಕೂತರೆ ಮಧ್ಯಾಹ್ನ ಊಟಕ್ಕೆ ಕರೆಯುವಾಗಲೂ ಕೆಲಸ ಶುರುವಾಗಿರುತ್ತಿರಲಿಲ್ಲ. ಅದಕ್ಕೆ ಬೇಕಾದ ವಾತಾವರಣ ಮಾತ್ರ ಬಹಳ ಚೆನ್ನಾಗಿರುತ್ತಿತ್ತು. “ಮನೆಗೆ ಬಣ್ಣ ಹೊಡ್ಸೋವಾಗ ಯಾವ್ದಾದ್ರೂ ಹೊಡ್ಸು ಅಂದ್ರಲ್ಲ, ಆ ಮನುಷ್ಯ ಇವ್ರೇನಾ?” ಎಂದು ಹೆಂಡತಿ ಮಗಳನ್ನು ಕೇಳಿದ್ದು ನನಗೆ ಕೇಳಿಸಿತು. ಕೇಳಿಸಲೆಂದೇ ಹೇಳಿದ್ದು.

ಅತಿ ದೊಡ್ಡ ಫಜೀತಿ ಕನ್ನಡದ್ದು. ನಾನು ಆಗೀಗ ಇಂಥ ಪ್ರಬಂಧ ಬರೆಯುವವನು. ಕೋಡ್ ಬರೆಯುವ ಎಡಿಟರಿನಲ್ಲೇ ಕನ್ನಡವನ್ನೂ ಬರೆಯುವೆನೆಂಬ ಹಟ. ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಬಳಕೆಯಾದ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ನನಗೆ ಬಾಯಿಪಾಠ, ಅಲ್ಲ, ಬೆರಳುಪಾಠ. ಅದರಲ್ಲಿ ‘ಎಫ್’ ಒತ್ತಿದರೆ ಅರ್ಧಾಕ್ಷರವಾಗಿ ಮುಂದಿನದು ಒತ್ತಾಗಿ ಕೂರುತ್ತದೆ. ವಿಮ್‌ನ ಆಜ್ಞಾಲೋಕದಲ್ಲಿ ‘ಎಫ್’ ಎಂದರೆ ಸಾಲಿನಲ್ಲಿ ಹುಡುಕು ಎಂದರ್ಥ. ಹೀಗೆ ಎರಡು ಲೋಕದ ವಿಮ್, ಎರಡು ಭಾಷೆಯ ಕೀಲಿಮಣೆ. ನಾನು ಯಾವ ಕ್ಷಣದಲ್ಲಿ ಯಾವ ಲೋಕದ ಯಾವ ಭಾಷೆಯಲ್ಲಿದ್ದೇನೆಂದು ನೆನಪಿಟ್ಟುಕೊಳ್ಳುವುದೇ ಒಂದು ಸಾಧನೆ. ಕನ್ನಡ ಕೀಲಿಮಣೆ ಹಾಗೇ ಉಳಿದಿರುವಾಗ ಸಾಲೊಂದನ್ನು ಅಳಿಸಲು ಎರಡು ಸಲ ‘ಡಿ’ ಒತ್ತಿದರೆ ವಿಮ್‌ಗೆ ತಲುಪುವುದು ‘ದದ’. ಅದು ಮಿಸುಕುವುದಿಲ್ಲ. ಬರೆದದ್ದನ್ನು ಉಳಿಸಿ ಹೊರಬರಲು ಕೋಲನ್ ಹಾಕಿ ‘ಡಬ್ಲ್ಯು ಕ್ಯು’ ಒತ್ತಿದರೆ ಪರದೆಯ ಬುಡದಲ್ಲಿ ‘:ಡಟ’ ಎಂದು ಮೂಡುತ್ತದೆ. ಎಂಟರ್ ಹೊಡೆದರೆ ಕೆಂಪಕ್ಷರದಲ್ಲಿ 492ನೆಯ ನಂಬರಿನ ದೂರು: ಡಟ ಎಂಬುದು ಎಡಿಟರಿನ ಆಜ್ಞೆಯಲ್ಲ. ಆಗಿರಬೇಕಿತ್ತು ಎಂದು ನನಗೆ ಎಷ್ಟೋ ಸಲ ಅನಿಸಿದೆ. ‘ಡಟ’ ಎಂದರೆ ಬಾಗಿಲು ಹಾಕಿಕೊಂಡು ಹೋದ ಸದ್ದೇ ಕೇಳಿಸುತ್ತದಲ್ಲ.

ಅಷ್ಟಾದರೂ ಅಕ್ಷರ ನೆಟ್ಟಗೆ ಕಾಣಿಸಿದರೆ ಸಹಿಸಬಹುದು. ಟರ್ಮಿನಲ್ ಎಂಬುದು ಇಂಗ್ಲಿಷಿನ ಒಂದಳತೆಯ ಅಕ್ಷರಗಳಿಗೆಂದು ಚೌಕಚೌಕವಾಗಿ ಕೊರೆದ ಜಾಗ. ನಮ್ಮ ‘ಣ’ದ ಅಗಲವೆಷ್ಟು, ‘ರ’ದ ಅಗಲವೆಷ್ಟು! ‘ರಾಷ್ಟ್ರ’ದ ಒತ್ತುಗಳು ಕೆಳಗಿಳಿಯಲು ಜಾಗವಿಲ್ಲದೆ ಪಕ್ಕದಲ್ಲೇ ಕೂರುತ್ತವೆ, ‘ಧರ್ಮ’ದ ಅರ್ಕಾವೊತ್ತು ಮುಂದಿನ ಪದದ ತಲೆ ಮೇಲೆ ಕಾಲಿಡುತ್ತದೆ. ಕೊನೆಗೆ ಕನ್ನಡದ ಮಟ್ಟಿಗೆ ನಾನು ಬೇರೆ ಕಿಟಕಿ ತೆರೆದೆ. ವಿಮ್‌ಗೆ ದ್ರೋಹ ಬಗೆದೆನೆಂದು ತೀರ್ಥಹಳ್ಳಿಯವನಿಗೆ ಮಾತ್ರ ತಿಳಿಸಿಲ್ಲ.

ನಡುವೆ ಎಷ್ಟೋ ಎಡಿಟರುಗಳು ಬಂದು ಹೋದವು. ಸಬ್ಲೈಮ್ ಟೆಕ್ಸ್ಟ್ ಬಂತು, ಸುಂದರ, ಚುರುಕು. ದುಡ್ಡು ಕೊಟ್ಟು ಕೊಳ್ಳಬೇಕಾದದ್ದು, ಆದರೆ ಕೊಳ್ಳದಿದ್ದರೂ ನಿಲ್ಲಿಸುವುದಿಲ್ಲ. ಆಗಾಗ ಒಂದು ಪುಟ್ಟ ಚೌಕಟ್ಟು ಬಂದು ‘ಕೊಳ್ಳುವಿರಾ?’ ಎಂದು ಸಭ್ಯವಾಗಿ ಕೇಳುತ್ತದೆ. ಅಷ್ಟೇ ಸಭ್ಯವಾಗಿ ಅದನ್ನು ಮುಚ್ಚಿ ಮುಚ್ಚಿ ಬಡ್ತಿ ಪಡೆದು ಡೈರೆಕ್ಟರಾದವರನ್ನು ನಾನು ಬಲ್ಲೆ. 2014ರಲ್ಲಿ ಗಿಟ್‌ಹಬ್ ಎಂಬ ಕಂಪನಿಯವರ ಆಟಮ್ ಬಂತು. ಅದಕ್ಕೆಂದು ಕಟ್ಟಿದ ಅಡಿಪಾಯವೇ ಎಲೆಕ್ಟ್ರಾನ್ ಎಂಬ ಹೆಸರಿನಲ್ಲಿ ಪ್ರಸಿದ್ಧವಾಯಿತು. ಆ ಅಡಿಪಾಯದ ಮೇಲೆ ಮೈಕ್ರೋಸಾಫ್ಟ್ 2015ರಲ್ಲಿ ವಿಎಸ್ ಕೋಡ್ ಎಬ್ಬಿಸಿತು, 2018ರಲ್ಲಿ ಗಿಟ್‌ಹಬ್ಬನ್ನೇ ಕೊಂಡುಕೊಂಡಿತು, 2022ರ ಡಿಸೆಂಬರಿನಲ್ಲಿ ಆಟಮ್ಮಿಗೆ ಬೀಗ ಬಿತ್ತು. ಇಷ್ಟು ಕತೆ ಸಾಕು.

ವಿಎಸ್ ಕೋಡ್ ಬಂದ ಮೇಲೆ ಜಗಳವೇ ಮುಗಿದುಹೋಯಿತು. 2024ರ ಸ್ಟಾಕ್ ಓವರ್‌ಫ್ಲೋ ಸಮೀಕ್ಷೆಯಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಮೂವರು ಅದರ ಹೆಸರು ಹೇಳಿದ್ದರು. ನಮ್ಮ ತಂಡದಲ್ಲಿ ನನ್ನನ್ನು ಬಿಟ್ಟು ಎಲ್ಲರೂ ಅವರೇ. ಕೆಟ್ಟದ್ದೆಂದು ಬಾಯಿ ತುಂಬ ಬಯ್ಯಲು ಅದರಲ್ಲಿ ಏನೂ ಸಿಗುವುದಿಲ್ಲ, ಅದೇ ಅದರ ದೊಡ್ಡ ದೋಷ. ಪುಕ್ಕಟೆ, ಎಲ್ಲ ಕಡೆ ಓಡುತ್ತದೆ, ಕನ್ನಡವನ್ನೂ ಸುಮಾರಾಗಿ ತೋರಿಸುತ್ತದೆ. ವಿಮ್ ಬೇಕೆಂದು ಹಟ ಮಾಡುವವರಿಗೆ ವಿಮ್‌ನ ಹಾಗೆ ನಟಿಸುವ ಸೇರ್ಪಡೆ ಕೂಡ ಇದೆ. ಜಗಳಕ್ಕೆ ಬಂದವನಿಗೆ ಕುರ್ಚಿ ಹಾಕಿ ಕಾಫಿ ಕೊಟ್ಟರೆ ಅವನು ಏನು ಮಾಡಿಯಾನು?

ಕಳೆದ ವರ್ಷ ತುಮಕೂರಿನ ಹುಡುಗಿಯೊಬ್ಬಳು ಸೇರಿದಳು. ಚುರುಕು. ಅವಳ ಪಕ್ಕ ಕುಳಿತು ನೋಡಿದರೆ ಅವಳು ಟೈಪ್ ಮಾಡುವುದೇ ಅಪರೂಪ. ಏನಾಗಬೇಕೆಂದು ಎರಡು ಸಾಲಿನಲ್ಲಿ ಬರೆಯುತ್ತಾಳೆ. ಮಸುಕು ಬೂದು ಬಣ್ಣದಲ್ಲಿ ಹತ್ತಿಪ್ಪತ್ತು ಸಾಲು ಕೋಡ್ ತಾನಾಗಿ ಮೂಡುತ್ತದೆ. ಓದುತ್ತಾಳೆ, ಒಮ್ಮೊಮ್ಮೆ ಮುಖ ಗಂಟಿಕ್ಕುತ್ತಾಳೆ, ಒಪ್ಪಿಗೆಯಾದರೆ ಟ್ಯಾಬ್ ಒತ್ತುತ್ತಾಳೆ. ಮತ್ತೆ ಟ್ಯಾಬ್. ಬಿಲ್ ಜಾಯ್‌ನ ಯಂತ್ರದಲ್ಲಿ ಎಸ್ಕೇಪ್ ಇದ್ದುದು ಅದೇ ಜಾಗದಲ್ಲಿ, ಎಡಗೈ ಕಿರುಬೆರಳ ಪಕ್ಕದಲ್ಲಿ. ಬರೆಯುವುದನ್ನು ನಿಲ್ಲಿಸಿ ಈಗ ನಾನು ಹೇಳಿದಂತೆ ಕೇಳು ಎಂದು ಅವನು ಒತ್ತುತ್ತಿದ್ದ ಮೂಲೆ. ನೀನೇ ಬರಿ, ನಾನು ನೋಡುತ್ತಿರುತ್ತೇನೆ ಎಂದು ಇವಳು ಒತ್ತುವ ಮೂಲೆ.

“ನೀವ್ಯಾಕೆ ಸರ್ ಇನ್ನೂ ವಿಮ್ಮು?” ಎಂದು ಒಮ್ಮೆ ಕೇಳಿದಳು. ಕುತೂಹಲದಿಂದ ಕೇಳಿದ್ದು, ಕೊಂಕಿರಲಿಲ್ಲ. ಅಭ್ಯಾಸ ಎಂದೆ. “ಅದ್ರಲ್ಲಿ ಫಾಸ್ಟಾಗಿ ಟೈಪ್ ಮಾಡ್ಬೋದಂತೆ ಅಲ್ವಾ? ಆದ್ರೆ ಸರ್, ಈಗ ಟೈಪ್ ಮಾಡೋದು ಎಲ್ಲಿದೆ?” ನನ್ನ ಹತ್ತಿರ ಉತ್ತರಗಳಿದ್ದವು. ಟೈಪಿಸುವುದು ಕಡಿಮೆ, ತಿದ್ದುವುದೇ ಹೆಚ್ಚು. ವಿಮ್ ತಿದ್ದುವವರಿಗಾಗಿ ಇರುವುದು. ಯಂತ್ರ ಬರೆದದ್ದನ್ನು ತಿದ್ದುವುದಂತೂ ಇನ್ನೂ ಹೆಚ್ಚು. ಎಲ್ಲವನ್ನೂ ಹೇಳಿದೆ. ಅವಳು ಗಮನವಿಟ್ಟು ಕೇಳಿ, “ಹೌದು ಸರ್, ಕರೆಕ್ಟು” ಎಂದು ಒಪ್ಪಿಕೊಂಡುಬಿಟ್ಟಳು. ತೀರ್ಥಹಳ್ಳಿಯವನಾಗಿದ್ದರೆ ಅದೇ ಮಾತಿನ ಮೇಲೆ ನನ್ನನ್ನು ಮಧ್ಯಾಹ್ನದವರೆಗೆ ಹಿಡಿದು ನಿಲ್ಲಿಸುತ್ತಿದ್ದ.

ಆ ಸಂಜೆ ಕುತೂಹಲಕ್ಕೆ ಯಂತ್ರವನ್ನೇ ಕೇಳಿದೆ: ಯಾವ ಎಡಿಟರ್ ಒಳ್ಳೆಯದು? ವಿಮ್‌ನ ಗುಣಗಳನ್ನು ಹೇಳಿತು, ಎಮ್ಯಾಕ್ಸಿನ ಗುಣಗಳನ್ನು ಹೇಳಿತು, ವಿಎಸ್ ಕೋಡಿನದೂ ಹೇಳಿತು, ಕೊನೆಗೆ ಅವರವರ ಅಗತ್ಯಕ್ಕೆ ತಕ್ಕದ್ದು ಎಂದಿತು. ಎಮ್ಯಾಕ್ಸ್ ದಂಡ ಅಲ್ಲವೇ ಎಂದು ಕೆಣಕಿದೆ. ನಿಮ್ಮ ಅಭಿಪ್ರಾಯಕ್ಕೂ ಆಧಾರವಿದೆ ಎಂದಿತು. ಎಷ್ಟೊಂದು ಓದಿಕೊಂಡಿದೆ, ಒಂದಿಷ್ಟಾದರೂ ರೋಷ ಬೇಡವೆ? ಕಂಪ್ಯೂಟರ್ ಮುಚ್ಚಿ ಗೆಳೆಯನಿಗೆ ಫೋನ್ ಹಚ್ಚಿದೆ. ಅವನು ಕೆಲಸ ಬಿಟ್ಟು ಊರಿಗೆ ಮರಳಿ ತೋಟ ನೋಡಿಕೊಂಡಿದ್ದಾನೆ. ಅಡಿಕೆ ಕೊಯ್ಲಿನ ಲೆಕ್ಕ, ಆಳುಗಳ ಹಾಜರಿ, ಮದ್ದು ಹೊಡೆಯುವ ದಿನ ಎಲ್ಲವನ್ನೂ ಎಮ್ಯಾಕ್ಸಿನ ಆರ್ಗ್ ಮೋಡಿನಲ್ಲಿ ಬರೆದಿಡುತ್ತಾನೆ. ಆರ್ಗ್ ಮೋಡನ್ನು 2003ರಲ್ಲಿ ಕಾರ್ಸ್ಟೆನ್ ಡೊಮಿನಿಕ್ ಎಂಬ ಖಗೋಳವಿಜ್ಞಾನಿ ತನ್ನ ಕೆಲಸದ ಟಿಪ್ಪಣಿಗಳಿಗೆಂದು ಮಾಡಿಕೊಂಡದ್ದು. ಅದರಲ್ಲಿ ಕೊಳೆರೋಗದ ದಾಖಲೆಯೂ ಇದೆಯೆಂದು ತಿಳಿದರೆ ಅವನು ಸಂತೋಷಪಡಬಹುದು.

“ಎಂತ ಮಾರಾಯ, ಈ ಹೊತ್ತಿನಲ್ಲಿ?”

“ಏನಿಲ್ಲ. ಎಮ್ಯಾಕ್ಸ್ ದಂಡ ಅನ್ನೋಣ ಅಂತ ಫೋನ್ ಮಾಡಿದೆ.”

“ಬೀಪ್ ಬೀಪ್ ಅನ್ನೂದು ಬಿಟ್ರೆ ನಿನ್ನ ವಿಮ್ಮಿಗೆ ಎಂತ ಬತ್ತದೆ?” ಎಂದು ಅವನು ಸುರುಮಾಡಿದ. ಹಳೆಯ ಬಾಣಗಳೆಲ್ಲ ಒಂದೊಂದಾಗಿ ಹೊರಬಿದ್ದವು. ಲೋಕಗಳ ಗೊಂದಲ, ಸೈತಾನನ ಸಂಖ್ಯೆ, ನಮಸ್ಕಾರದ ಪುಟ. ನಾನು ನನ್ನ ಬ್ರಹ್ಮಾಸ್ತ್ರ ತೆಗೆದೆ. ಎಮ್ಯಾಕ್ಸಿನಲ್ಲಿ ಎಲ್ಲದಕ್ಕೂ ಕಂಟ್ರೋಲ್ ಕೀ ಬೇಕು. ಅದನ್ನು ಕಲ್ಪಿಸಿದ ಕಾಲದ ಕೆಲವು ಕೀಲಿಮಣೆಗಳಲ್ಲಿ ಕಂಟ್ರೋಲ್ ಇದ್ದುದು ಸ್ಪೇಸ್ ಬಾರಿನ ಮಗ್ಗುಲಲ್ಲಿ, ಹೆಬ್ಬೆರಳಿಗೆ ಎಟಕುವಂತೆ. ಈಗ ಅದು ಮೂಲೆಗೆ ಹೋಗಿರುವುದರಿಂದ ಭಾರವೆಲ್ಲ ಎಡಗೈ ಕಿರುಬೆರಳಿಗೆ. ‘ಎಮ್ಯಾಕ್ಸ್ ಕಿರುಬೆರಳು’ ಎಂದು ಆ ನೋವಿಗೆ ಜಗತ್ತಿನಾದ್ಯಂತ ಹೆಸರೇ ಇದೆ. ಅವನು ಇದನ್ನು ಯಾವತ್ತೂ ಒಪ್ಪಿದವನಲ್ಲ. ಅದು ವಿಮ್‌ನವರು ಹಬ್ಬಿಸಿದ ಸುಳ್ಳು, ತೋಟದಲ್ಲಿ ಕತ್ತಿ ಹಿಡಿದು ಬೆಳೆದ ಕೈ ಇದು ಎಂಬುದು ಅವನ ವಾದ. ಅಂದೂ ಅದನ್ನೇ ಹೇಳಿದ. ಆದರೆ ದನಿಯಲ್ಲಿ ಮೊದಲಿನ ಬಿರುಸು ಇರಲಿಲ್ಲ.

“ಇರ್ಲಿ, ನಾಳೆ ಬೇಗ ಏಳ್ಬೇಕು. ಶಿವಮೊಗ್ಗಕ್ಕೆ ಹೋಗೂದುಂಟು, ಡಾಕ್ಟರ ಹತ್ರ” ಎಂದ.

“ಯಾವ ಡಾಕ್ಟರು? ಎಮ್ಯಾಕ್ಸಿನವನ ಹತ್ರ ವಾಸಿಯಾಗ್ಲಿಲ್ವಾ?”

“ತಮಾಷೆ ಬೇಡ. ಮೂಳೆ ಡಾಕ್ಟರು.”

“ಏನಾಯ್ತೋ?”

“ಎಂತದ್ದೂ ಇಲ್ಲ. ಅಡಿಕೆ ಮೂಟೆ ಎತ್ತುವಾಗ ಸ್ವಲ್ಪ ಉಳುಕಿದ್ದು.”

“ಸೊಂಟಾನಾ?”

“ಅಲ್ಲ. ಬೆರಳು.”

“ಯಾವ ಬೆರಳು?”

“ಸುಮ್ನೆ ಫೋನ್ ಇಡ್ತೀಯಾ ಇಲ್ವಾ ನೀನು?” ಎಂದ.